ಜೀರ್ಣೋದ್ಧಾರವೂ ಸರಕಾರದ ಅಪ್ಪಣೆಯೂ

 

ಮಹೋತ್ಸವವು ಬಂತೆಂದರೆ ಮಠಗಳಲ್ಲಿ ಕಟ್ಟೋಣದ ಮಾತು ತಾನಾಗಿಯೇ ಏಳುವದು. ಹಳೆಯ ಗುಡಿಯ ಮುಂದೆ ಮಹಾದ್ವಾರವಾಗಬೇಕು, ದಾಸೋಹಕ್ಕೆ ವಿಶಾಲವಾದ ಮನೆಯಾಗಬೇಕು, ಸೋರುವ ಮಾಳಿಗೆ ಭದ್ರವಾಗಬೇಕು, ಇವೆಲ್ಲ ಭಕ್ತಿಯಿಂದ ಹುಟ್ಟಿದ ಇಚ್ಛೆಗಳೇ ಸರಿ. ಆದರೆ ಆ ಗುಡಿಯು ಪುರಾತನವಾಗಿದ್ದು ಸರಕಾರದ ರಕ್ಷಣೆಗೆ ಒಳಪಟ್ಟಿದ್ದ ಪಕ್ಷದಲ್ಲಿ, ಹಣವೂ ಭಕ್ತಿಯೂ ಎರಡೂ ಇದ್ದರೂ, ಅಪ್ಪಣೆಯಿಲ್ಲದೆ ಒಂದು ಕಲ್ಲನ್ನು ಸಹ ಕದಲಿಸಲಾಗದು. ಈ ಅಪ್ಪಣೆಯು ಯಾರಿಂದ, ಹೇಗೆ ದೊರೆಯುವದು, ಮತ್ತು ಏಕೆ ಬೇಕು ಎಂಬುದೇ ಇಂದಿನ ಉಪನ್ಯಾಸದ ವಿಷಯವಾಗಿದೆ.

ಮೊದಲು ಕೂಡಲಸಂಗಮದ ಮಾತನ್ನೇ ತೆಗೆದುಕೊಳ್ಳೋಣವಾಗಲಿ. ಕೃಷ್ಣಾ ಮಲಪ್ರಭೆಗಳು ಕೂಡುವ ಆ ಸ್ಥಳವು ಬಸವಣ್ಣನವರು ವಿದ್ಯೆ ಕಲಿತು ಕಡೆಗೆ ಐಕ್ಯರಾದ ಕ್ಷೇತ್ರವೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾದುದಿಲ್ಲ. ಅಲ್ಲಿಂದ ಕೆಳಗೆ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟು ೧೯೮೨ರಲ್ಲಿ ಪೂರ್ತಿಯಾಯಿತು. ಆ ಜಲಾಶಯಕ್ಕೆ ಬಸವಸಾಗರವೆಂದೇ ಹೆಸರು. ಅದರ ಎಡದಂಡೆ ಕಾಲುವೆಯ ನೀರೇ ಇಂದು ಸುರಪುರ, ಶಹಾಪುರ ಸೀಮೆಯ ಹೊಲಗಳಲ್ಲಿ ಹರಿಯುತ್ತಿದೆ. ಈ ಸಭೆಯಲ್ಲಿರುವ ಎಷ್ಟೋ ಒಕ್ಕಲಿಗರ ಮನೆಯ ಬತ್ತವು ಆ ನೀರಿನದೇ. ಆದರೆ ಜಲಾಶಯವು ತುಂಬಿದಾಗ ಹಿಂದಕ್ಕೆ ನಿಲ್ಲುವ ನೀರು ಸಂಗಮದ ವರೆಗೆ ಏರುವದು, ಐಕ್ಯಮಂಟಪವು ಮುಳುಗಿಹೋಗುವದು. ನೀರೂ ಬೇಕು, ಐಕ್ಯಸ್ಥಳವೂ ಬೇಕು. ಒಂದನ್ನು ಬಿಡೆಂದು ಹೇಳುವ ಎದೆ ಯಾರಿಗಿದೆ?

ಆಗ ಮಂಟಪವನ್ನು ಬಿಚ್ಚಿ ದಡದ ಮೇಲೆ ಕಟ್ಟುವ ದಾರಿಯನ್ನು ಹಿಡಿಯಲಿಲ್ಲ. ಐಕ್ಯಸ್ಥಳವು ಸ್ಥಳದಿಂದ ಕದಲಿದರೆ ಅದು ಐಕ್ಯಸ್ಥಳವಾಗಿ ಉಳಿಯುವದೆಂತು? ಅದರ ಸುತ್ತಲೂ ಬಾವಿಯಂತೆ ಆಳವಾದ ದುಂಡು ಗೋಡೆಯನ್ನು ಎಬ್ಬಿಸಿದರು. ಹೊರಗೆ ಸಾಗರದಂತೆ ನೀರು ನಿಂತಿದ್ದರೂ ಭಕ್ತರು ಮೇಲಿನಿಂದ ಮೆಟ್ಟಿಲಿಳಿದು, ಒಣಗಿದ ನೆಲದಲ್ಲಿ ಹಳೆಯ ಮಂಟಪವನ್ನೇ ದರ್ಶಿಸುವರು. ಈ ಕಟ್ಟೋಣದಲ್ಲಿ ಹೊಸದೆಲ್ಲವೂ ಹೊರಗಿದೆ, ಹಳೆಯದೆಲ್ಲವೂ ಒಳಗಿದೆ. ಜೀರ್ಣೋದ್ಧಾರದ ವಿಷಯದಲ್ಲಿ ಇದಕ್ಕಿಂತ ಮೇಲಾದ ದೃಷ್ಟಾಂತವು ಕನ್ನಡ ನಾಡಿನಲ್ಲಿ ದೊರೆಯುವದು ಕಷ್ಟ.

ಎಲ್ಲ ಕಡೆಗೂ ಇದೇ ಉಪಾಯ ನಡೆಯುವದಿಲ್ಲವೆಂಬುದೂ ನಿಜ. ಇದೇ ಕೃಷ್ಣೆಯ ಕೆಳಭಾಗದಲ್ಲಿ, ತುಂಗಭದ್ರೆಯು ಬಂದು ಕೂಡುವ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯು ಶ್ರೀಶೈಲದ ಜಲಾಶಯದ ಪಾಲಾಗುವಂತಿದ್ದಾಗ, ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಪುನಃ ನಿಲ್ಲಿಸಿದರು. ಶ್ರೀರಂಗಪಟ್ಟಣದಲ್ಲಿಯಂತೂ ಜೋಡಿ ರೈಲುದಾರಿಗೆ ಅಡ್ಡವಾದ ಟಿಪ್ಪೂ ಸುಲ್ತಾನನ ಕಾಲದ ಶಸ್ತ್ರಾಗಾರವನ್ನು ೨೦೧೭ರಲ್ಲಿ ಬಿಚ್ಚದೆಯೇ, ಬುಡಸಹಿತ ಎತ್ತಿ, ನೂರು ಮೀಟರಿಗೂ ಮಿಕ್ಕಿದ ದೂರಕ್ಕೆ ಸರಿಸಿಟ್ಟರು. ರೈಲುದಾರಿಯ ಕೆಲಸವು ಆ ಒಂದು ಕಟ್ಟಡದ ಸಲುವಾಗಿ ಬಹುದಿನ ತಡೆದು ನಿಂತಿತ್ತು. ರೈಲು ಖಾತೆಯಂಥ ಬಲಾಢ್ಯ ಖಾತೆಯೂ ಅಪ್ಪಣೆಗಾಗಿ ಕಾಯಬೇಕಾಯಿತೆಂಬುದನ್ನು, ಮಠದ ಅರ್ಜಿಗೆ ತಡವಾಯಿತೆಂದು ಬೇಸರಿಸುವವರು ನೆನೆಯಬಹುದು.

ಕಾಯದೆ ಇದ್ದವರ ಗತಿಯನ್ನೂ ಹೇಳಬೇಕು. ಹಂಪೆಯ ಹತ್ತಿರ ಆನೆಗೊಂದಿಯ ಜನರಿಗೆ ನದಿ ದಾಟಲು ಹರಿಗೋಲೇ ಗತಿಯಾಗಿತ್ತು. ಸೇತುವೆಯ ಬಯಕೆಯು ನ್ಯಾಯವಾದದ್ದೇ. ಆದರೆ ತಳವಾರಘಟ್ಟದಲ್ಲಿ ಪ್ರಾಚೀನ ಅವಶೇಷಗಳ ನಡುವೆಯೇ ಸೇತುವೆ ಏಳತೊಡಗಲು, ಯುನೆಸ್ಕೋ ಸಂಸ್ಥೆಯು ೧೯೯೯ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಕ್ಷೇತ್ರಗಳ ಪಟ್ಟಿಗೆ ಸೇರಿಸಿತು. ಆ ಕಳಂಕವು ತೊಲಗಿದ್ದು ೨೦೦೬ರಲ್ಲಿ. ನಡುವೆ ವರ್ಷಗಟ್ಟಲೆ ಕೆಲಸ ನಿಂತು, ಪುನಃ ಆರಂಭವಾಗಿ, ೨೦೦೯ರ ಜನವರಿಯಲ್ಲಿ ಆ ಸೇತುವೆಯೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಕಡೆಗೆ ಸೇತುವೆಯಾದದ್ದು ಬೇರೆ ಸ್ಥಳದಲ್ಲಿ, ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ. ಸ್ಥಳದ ವಿಚಾರವನ್ನು ಮೊದಲೇ ಮಾಡಿದ್ದರೆ ಆನೆಗೊಂದಿಯವರು ಇಷ್ಟು ವರ್ಷ ಹರಿಗೋಲಿನಲ್ಲಿ ಕೂಡ್ರಬೇಕಾಗಿದ್ದಿಲ್ಲ.

ಇನ್ನು ಕಾಯಿದೆಯ ಮಾತು. ಇದು ನಿನ್ನೆ ಮೊನ್ನೆ ಬಂದುದಲ್ಲ. ಬ್ರಿಟಿಷ್ ಆಳಿಕೆಯ ಪ್ರಾಂತಗಳಲ್ಲಿ ೧೯೦೪ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆಯಾಯಿತು. ಈ ಸೀಮೆಯು ಆಗ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿ ೧೯೧೪ರಲ್ಲಿ ಪುರಾತತ್ವ ಖಾತೆಯು ಸ್ಥಾಪಿತವಾಗಿ ಗುಲಾಮ್ ಯಜ್ದಾನಿಯವರು ಅದರ ಮುಖ್ಯಸ್ಥರಾದರು; ಫಸಲಿ ೧೩೩೭ರಲ್ಲಿ, ಎಂದರೆ ೧೯೨೭-೨೮ರ ಸುಮಾರಿಗೆ, ಹೈದರಾಬಾದಿಗೆ ತನ್ನದೇ ಆದ ಸ್ಮಾರಕ ಸಂರಕ್ಷಣ ಕಾಯಿದೆಯಾಯಿತು. ಸ್ವಾತಂತ್ರ್ಯಾನಂತರ ೧೯೫೮ರಲ್ಲಿ ಕೇಂದ್ರ ಸರಕಾರದ ಕಾಯಿದೆಯೂ, ೧೯೬೧ರಲ್ಲಿ ರಾಜ್ಯದ ಕಾಯಿದೆಯೂ ಬಂದವು. ಕೇಂದ್ರದ ಕಾಯಿದೆಯು ೨೦೧೦ರಲ್ಲಿ ಬಹಳ ಬಿಗಿಯಾಯಿತು.

ಆದ ಕಾರಣ ಮೊದಲನೆಯ ವಿಚಾರವು ಇದು: ಗುಡಿಯು ಕೇಂದ್ರದ ರಕ್ಷಣೆಯಲ್ಲಿದೆಯೋ, ರಾಜ್ಯದ ರಕ್ಷಣೆಯಲ್ಲಿದೆಯೋ, ಎರಡರಲ್ಲಿಯೂ ಇಲ್ಲವೋ? ಊರಿನಲ್ಲಿ ನೀಲಿ ಫಲಕವು ನಿಂತಿದ್ದರೆ ತಿಳಿಯುವದು ಸುಲಭ. ಇಲ್ಲದಿದ್ದರೆ ಖಾತೆಗೆ ಬರೆದು ಕೇಳಬೇಕು. ಶಿಲ್ಪವಿದ್ದರೆ ಮಾತ್ರ ರಕ್ಷಣೆಯೆಂದು ತಿಳಿಯುವವರುಂಟು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ಇಟ್ಟ ಬರಿಯ ಗುಂಡುಗಲ್ಲುಗಳಿವೆ; ಕೆತ್ತನೆಯಿಲ್ಲ, ಅಕ್ಷರವಿಲ್ಲ. ಆದರೂ ಅವು ಶಾಸನಗಳಿಗಿಂತಲೂ ಹಿಂದಿನ ಬೃಹತ್ ಶಿಲಾಯುಗದವು. ಪುರಾತತ್ವ ಖಾತೆಯ ರಕ್ಷಣೆಯಲ್ಲಿರತಕ್ಕವು.

ಕೇಂದ್ರದ ರಕ್ಷಣೆಯಿದ್ದಲ್ಲಿ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರು ನಿಷಿದ್ಧ ಪ್ರದೇಶ. ಅದರಾಚೆ ಮತ್ತೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಇಲ್ಲಿ ಬಹುಜನರು ಎಡವುತ್ತಾರೆ. ಅಳತೆಯು ಗರ್ಭಗುಡಿಯಿಂದಲ್ಲ, ರಕ್ಷಿತ ಎಲ್ಲೆಯ ಗೆರೆಯಿಂದ. ಗುಡಿಯಿಂದ ದೂರವೆಂದು ತಿಳಿದು ಪಾಯಾ ತೆಗೆದವರಿಗೆ, ಎಲ್ಲೆಯ ನಕಾಶೆ ಬಂದ ಮೇಲೆ ಅದು ನಿಷಿದ್ಧ ಭೂಮಿಯೆಂದು ತಿಳಿದರೆ, ಹಾಕಿದ ಕಲ್ಲೂ ಹೋಯಿತು, ಕೊಟ್ಟ ಹಣವೂ ಹೋಯಿತು. ನಿಷಿದ್ಧ ಪ್ರದೇಶದಲ್ಲಿ ಭಕ್ತಾದಿಗಳು ಹೊಸ ಕಟ್ಟಡವನ್ನು ಕಟ್ಟುವಂತೆಯೇ ಇಲ್ಲ. ೧೯೯೨ರ ಜೂನ್ ೧೬ಕ್ಕೆ ಮೊದಲಿನಿಂದ ಇರುವ ಮನೆಗೆ ದುರಸ್ತಿ, ನವೀಕರಣಗಳಿಗೆ ಮಾತ್ರ ಅಪ್ಪಣೆ ಬೇಡಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದನ್ನು ಕಟ್ಟಲಿಕ್ಕೂ ಬೇಡಬಹುದು. ಜನರ ಕುಡಿಯುವ ನೀರಿನ ಏರ್ಪಾಡು, ಗಟಾರು, ಸಾರ್ವಜನಿಕ ಶೌಚಗೃಹ ಮುಂತಾದವನ್ನು ಕಾಯಿದೆಯು ‘ನಿರ್ಮಾಣ’ವೆಂಬ ಶಬ್ದದಿಂದ ಹೊರಗಿಟ್ಟಿದೆ. ಜಾತ್ರೆ ನಡೆಸುವ ಮಠಗಳಿಗೆ ಇದು ತಿಳಿದಿರಬೇಕಾದ ಮಾತು.

ಅರ್ಜಿಯು ಸಕ್ಷಮ ಅಧಿಕಾರಿಗೆ ಸಲ್ಲಬೇಕು. ಅವರು ೧೫ ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸುವರು. ಪ್ರಾಧಿಕಾರವು ಎರಡು ತಿಂಗಳೊಳಗೆ ಅಭಿಪ್ರಾಯವನ್ನು ತಿಳಿಸಬೇಕು. ಆ ಮೇಲೆ ಒಂದು ತಿಂಗಳೊಳಗೆ ಅಧಿಕಾರಿಯು ಅಪ್ಪಣೆಯನ್ನು ಕೊಡಬೇಕು ಇಲ್ಲವೆ ನಿರಾಕರಿಸಬೇಕು. ಪ್ರಾಧಿಕಾರದ ಮಾತೇ ಕಡೆಯದು. ಜಾಗದ ಕಾಗದಪತ್ರ, ನಕಾಶೆ, ಈಗಿರುವ ಸ್ಥಿತಿಯ ಛಾಯಾಚಿತ್ರ, ಕಟ್ಟಬೇಕೆಂಬುದರ ಎತ್ತರ ಅಗಲಗಳು ಸ್ಪಷ್ಟವಾಗಿದ್ದರೆ ಅರ್ಜಿಯು ಹಿಂದಿರುಗಿ ಬರುವ ಭಯ ಕಡಿಮೆ. ಅಪ್ಪಣೆಯಿಲ್ಲದೆ ನಿಷಿದ್ಧ ಪ್ರದೇಶದಲ್ಲಿ ಕಟ್ಟಿದವರಿಗೆ ಎರಡು ವರ್ಷಗಳ ವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ ಆಗಬಹುದು. ಭಕ್ತರ ಒತ್ತಾಯದಿಂದಾಯಿತೆಂಬ ಉತ್ತರವು ನ್ಯಾಯಾಸನದ ಮುಂದೆ ನಿಲ್ಲಲಾರದು. ಶಿಕ್ಷೆಗೆ ಗುರಿಯಾಗುವವರು ಕಾಗದಕ್ಕೆ ರುಜು ಹಾಕಿದವರೇ.

ರಕ್ಷಿತ ಗುಡಿಯೊಳಗಿನ ಮಾತಾದರೋ ಬೇರೆ. ರೂಢಿಯಿಂದ ನಡೆದು ಬಂದ ಪೂಜೆ, ಉತ್ಸವಗಳಿಗೆ ಕಾಯಿದೆಯು ಅಡ್ಡಿ ಬರುವದಿಲ್ಲ. ಪೂಜಾಸ್ಥಾನವು ಅಪವಿತ್ರವಾಗದಂತೆ ನೋಡಿಕೊಳ್ಳುವದೂ ಕಾಯಿದೆಯ ಕೆಲಸವೇ. ಆದರೆ ಕಂಬಕ್ಕೆ ಬಣ್ಣ ಹಚ್ಚುವದು, ನೆಲಕ್ಕೆ ಹೊಳೆಯುವ ಕಲ್ಲು ಹಾಸುವದು ಪೂಜೆಯಲ್ಲ. ಮಳೆ ಸೋರುತ್ತಿದ್ದರೆ ಖಾತೆಗೆ ಬರೆದು, ಅವರ ಕೈಯಿಂದಲೇ ದುರಸ್ತಿ ಮಾಡಿಸಬೇಕು. ತಡವಾದರೆ ಪುನಃ ಬರೆಯಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದು ಕೆಲವರು ಕೇಳುವರು. ಅಜಂತೆಯೂ ನಿಜಾಮರ ರಾಜ್ಯದಲ್ಲಿಯೇ ಇತ್ತು. ೧೯೨೦ರ ನಂತರ ಅಲ್ಲಿಯ ಚಿತ್ರಗಳನ್ನು ಉಳಿಸಲಿಕ್ಕೆಂದು ಇಟಲಿಯಿಂದ ನಿಪುಣರನ್ನು ಕರೆಯಿಸಿದರು. ಅವರು ಸದುದ್ದೇಶದಿಂದಲೇ ಬಳಿದ ಅರಗಿನ ಮೆರುಗು ಕಾಲಕ್ರಮದಲ್ಲಿ ಹಳದಿಯಾಗಿ ಚಿತ್ರಗಳನ್ನೇ ಮರೆಮಾಡಿತು. ಅದನ್ನು ಕೀಳುವದೇ ಮುಂದಿನವರ ಕೆಲಸವಾಯಿತು. ನಿಪುಣರ ಕೈಯಿಂದಲೇ ಹೀಗಾದರೆ, ಸಂತೆಯಿಂದ ತಂದ ಎಣ್ಣೆಬಣ್ಣದ ಡಬ್ಬಿಯಿಂದ ಏನಾದೀತು!

ಸಿಮೆಂಟೂ ಹಾಗೆಯೇ. ಹಳೆಯ ಗೋಡೆಯು ಸುಣ್ಣದ ಗಾರೆಯ ಮೂಲಕ ತನ್ನ ತೇವವನ್ನು ಹೊರಗೆ ಬಿಡುವದು. ಮೇಲೆ ಸಿಮೆಂಟು ಬಿದ್ದರೆ ತೇವವು ಒಳಗೇ ನಿಂತು, ಉಪ್ಪು ಏರಿ, ಕಲ್ಲಿನ ಮೈ ಪದರುಪದರಾಗಿ ಉದುರುವದು. ಹೊಸದಾಗಿ ಕಾಣುವ ಗೋಡೆಯು ಒಳಗಿನಿಂದ ಸಾಯುತ್ತಿರುವದು. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಹಳ್ಳಿಗಳಲ್ಲಿ ಕಡಿಮೆಯಾಗುತ್ತಿರುವದೇ ಈ ಹಾನಿಗೆ ಅರ್ಧ ಕಾರಣ.

ಯಾವ ಸರಕಾರದ ರಕ್ಷಣೆಯೂ ಇಲ್ಲದ ಗುಡಿ ಮಠಗಳೇ ಈ ಸೀಮೆಯಲ್ಲಿ ಹೆಚ್ಚು. ಅವುಗಳಿಗೆ ಮೇಲೆ ಹೇಳಿದ ಅರ್ಜಿಯ ತೊಡಕಿಲ್ಲ. ಆದುದರಿಂದಲೇ ಅವು ಹೆಚ್ಚು ಅಪಾಯದಲ್ಲಿವೆ. ಅಂಥಲ್ಲಿ ಕೆಲಸವನ್ನು ಹಿಡಿಯುವ ಮುನ್ನ ಗುಡಿಯ ನಾಲ್ಕು ಮುಖಗಳ ಛಾಯಾಚಿತ್ರಗಳನ್ನು ತೆಗೆಯಿಸಿ ಮಠದ ದಫ್ತರದಲ್ಲಿಡಬೇಕು. ಸುಣ್ಣದ ಹೊರೆಯನ್ನು ಉಳಿಯಿಂದ ಕೆತ್ತಿಸದೆ ನೀರಿನಿಂದ ನೆನೆಸಿ ಮೆಲ್ಲನೆ ಬಿಡಿಸಬೇಕು. ಅಧಿಷ್ಠಾನದ ಕಲ್ಲುಗಳಲ್ಲಿಯೂ, ಅಂಗಳದ ಹಾಸುಗಲ್ಲುಗಳ ಅಡಿಮೈಯಲ್ಲಿಯೂ ಅಕ್ಷರಗಳಿವೆಯೇ ಎಂದು ನೋಡಬೇಕು. ಅಕ್ಷರ ಕಂಡರೆ ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಓದಬಲ್ಲವರನ್ನು ಕರೆಯಿಸುವ ವರೆಗೆ ಆ ಕಲ್ಲನ್ನು ಗೋಣಿಯಿಂದ ಮುಚ್ಚಿಡಬೇಕು.