ಭಜನೆಯಿಂದ ಕ್ಯಾಸೆಟ್ಟಿಗೆ



ಹಾಡು ಕಟ್ಟುವವರು ಈಗ ಮೊದಲು ಮೊಬೈಲಿನಲ್ಲಿ ಗುನುಗಿ ಒಂದು ಕಚ್ಚಾ ಪ್ರತಿ ಮಾಡಿಕೊಳ್ಳುತ್ತಾರೆ. ಆಮೇಲೆ ತಾಳ ಕೂಡುತ್ತದೆ, ಒಂದೆರಡು ಚರಣ ಬಿದ್ದುಹೋಗುತ್ತವೆ, ವಾದ್ಯಗಳು ಸೇರುತ್ತವೆ. ಕೊನೆಗೆ ಆಲ್ಬಂ. ನಮ್ಮ ರಟ್ಟೀಹಳ್ಳಿ ಇರುವ ಹಾವೇರಿ ಜಿಲ್ಲೆಯಲ್ಲಿ ಇದೇ ಕೆಲಸ ನೂರು ವರ್ಷ ಹಿಡಿದದ್ದೂ ಉಂಟು.

ಈ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದ ಸಂತಕವಿ ಶರೀಫಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಸೋರುವ ಮಾಳಿಗೆ, ಗುಡುಗುಡಿ, ಗಿರಣಿ, ಹೀಗೆ ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಪದವಾಯಿತು. ಆ ಪದಗಳು ಉಳಿದದ್ದು ಮುಖ್ಯವಾಗಿ ಜನರ ಬಾಯಲ್ಲಿ. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನೆಯವರು ಊರಿಗೊಂದು ಮಟ್ಟು ಹಚ್ಚಿದರು. ಸಾಲುಗಳೂ ಅಲ್ಲಲ್ಲಿ ಬದಲಾದವು.

ಮುಂದೆ ಸಂಗೀತ ಸಂಯೋಜಕ ಸಿ. ಅಶ್ವಥ್ ಈ ಪದಗಳಿಗೆ ರಾಗ ಕೂಡಿಸಿದರು, ಅವು ಕ್ಯಾಸೆಟ್ಟಿಗೆ ಬಂದವು. ಭಜನೆಯಲ್ಲಿ ಒಂದು ಪದ ಕಾಲು ತಾಸು ನಡೆದರೂ ಯಾರೂ ಗಡಿಯಾರ ನೋಡುವುದಿಲ್ಲ. ಕ್ಯಾಸೆಟ್ಟಿನ ಒಂದು ಬದಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದೇ ಅರ್ಧ ತಾಸು. ಯಾವ ಚರಣ ಇರಬೇಕು, ಪಲ್ಲವಿಗೆ ಎಷ್ಟು ಸಲ ಮರಳಬೇಕು ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಬೇಕಿತ್ತು. 1990ರಲ್ಲಿ ನಿರ್ದೇಶಕ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಅದರಲ್ಲಿನ ಅಶ್ವಥ್ ಸಂಗೀತ ನಾಡಿನ ಮನೆಮನೆ ಮುಟ್ಟಿತು.

ಲಾಭ ದೊಡ್ಡದು. ಆದರೆ ನಷ್ಟವೂ ಇದೆ: ಕ್ಯಾಸೆಟ್ಟಿನ ಮಟ್ಟೇ ನಿಜವಾದ ಮಟ್ಟು ಎಂದು ಭಜನೆಯವರೂ ನಂಬತೊಡಗಿದರು. ನನಗೆ ಇದು ಸರಿಕಾಣದು.

ನಿಮ್ಮೂರಿನ ಭಜನೆಯಲ್ಲಿ ಹಳೆಯ ಮಟ್ಟು ಬಲ್ಲ ಹಿರಿಯರಿದ್ದರೆ, ಈ ಸೋಮವಾರವೇ ಅವರನ್ನು ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ.