ಸರದಿ ಕಾಯುವ ಆಟ



ಇಂದು ಪ್ರಮಾಣಪತ್ರ ಪಡೆದ ಪುಟಾಣಿಗಳು ನಾಲ್ಕು ವರ್ಷದವರಾಗಿದ್ದಾಗ ನಿಲಾಯ್‌ನ ನಮ್ಮ ತರಗತಿಗೆ ಬಂದರು. ಆಗ ನಾನು ಅತಿ ಹೆಚ್ಚು ಬಳಸಿದ ಕನ್ನಡ ಪದ ‘ಸುಮ್ಮನಿರು’. ಅದರಿಂದ ಯಾರೂ ಸುಮ್ಮನಾಗಲಿಲ್ಲ.

ಒಂದು ವಾರ ಊರಿಂದ ತಂದ ಅಳಗುಳಿಮಣೆ ಇಟ್ಟೆ. ಇಲ್ಲಿನ ಚೊಂಗ್ಕಾಕ್ ಕಂಡಿದ್ದ ಮಕ್ಕಳಿಗೆ ಗುಳಿಗಳ ಗುರುತು ತಕ್ಷಣ ಸಿಕ್ಕಿತು. ಒಬ್ಬ ಹುಡುಗ ಹುಣಸೆ ಬೀಜಗಳನ್ನೆಲ್ಲ ಬಾಚಿಕೊಂಡ. ಎದುರಿದ್ದ ಹುಡುಗಿ ಎದ್ದು ಹೋದಳು. ಮಣೆ ಇತ್ತು, ಬೀಜ ಇತ್ತು, ಆಟವೇ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬೀಜಗಳನ್ನು ಗುಳಿಗೆ ಹಾಕಿ ಅವಳನ್ನು ಕರೆದ. ಅವಳು ಒಂದೊಂದೇ ಬೀಜ ಬಿಡುತ್ತಿರುವಾಗ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕಾದ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಜರ್ಮನಿ ಮತ್ತು ಕೀನ್ಯಾದ ಐದಾರು ವರ್ಷದ ಮಕ್ಕಳ ಮುಂದೆ ಬಿಸ್ಕತ್ತು ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎಂದರು. ಕೆಲವು ಜೋಡಿಗಳಿಗೆ ಮಾತ್ರ ಒಂದು ಷರತ್ತು: ಇಬ್ಬರೂ ಕಾದರಷ್ಟೇ ಇಬ್ಬರಿಗೂ ಉಂಟು. ಜೊತೆಗಾರ ಬೇರೆ ಕೋಣೆಯಲ್ಲಿದ್ದರೂ ಈ ಮಕ್ಕಳೇ ಹೆಚ್ಚಾಗಿ ತಡೆದುಕೊಂಡರು.

ಪೋಷಕರಲ್ಲಿ ಒಂದು ವಿನಂತಿ. ಅಜ್ಜಿಯ ವಿಡಿಯೋ ಕರೆ ಬಂದಾಗ ಮಕ್ಕಳು ಫೋನಿಗೆ ಕಿತ್ತಾಡಿದರೆ, ‘ಅಕ್ಕ ಮಾತಾಡಲಿ, ಆಮೇಲೆ ನಿನ್ನ ಸರದಿ’ ಎನ್ನಿ. ಹಾಗೆಯೇ ಆ ಸರದಿಯನ್ನು ತಪ್ಪದೆ ಕೊಡಿ. ಕೊಟ್ಟ ಮಾತು ಉಳಿದರೆ ಮಗು ನಾಳೆಯೂ ಕಾಯುತ್ತದೆ.

ಮಕ್ಕಳೇ, ನಿಮಗೆ ಅಭಿನಂದನೆಗಳು. ನನಗೂ ಕಾಯುವುದನ್ನು ಕಲಿಸಿದಿರಿ.