ಬೆಳಕನ್ನು ಹದಕ್ಕೆ ತರದೆ ಕಣ್ಣು ಅಳೆಯಲಾಗದು

ಕಣ್ಣಿನ ಪರೀಕ್ಷೆ ಎಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಗೋಡೆಗೆ ತೂಗುಹಾಕಿದ ಅಕ್ಷರದ ಚಾರ್ಟು. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಅದನ್ನು ರೂಪಿಸಿದಾಗ ಗಟ್ಟಿ ಲೆಕ್ಕವನ್ನೇ ಹಾಕಿದ್ದರು. ಆರು ಮೀಟರ್ ದೂರದಿಂದ ಓದುವ 6/6 ಸಾಲಿನ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಗೆರೆಯ ದಪ್ಪ ಅದರ ಐದನೇ ಒಂದು ಪಾಲು. ಓದು ಬಾರದವರಿಗಾಗಿ ನಾಲ್ಕು ದಿಕ್ಕಿಗೂ ತಿರುಗಿಸಿದ ಇಂಗ್ಲಿಷ್ ‘ಇ’ ಬಂತು. ಅದರ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. 2011ರ ಜನಗಣತಿಯಲ್ಲಿ ಶೇ. 59.56ರಷ್ಟು ಸಾಕ್ಷರತೆಯಿದ್ದ ರಾಯಚೂರು ಜಿಲ್ಲೆಗೆ ಇದರ ಬೆಲೆ ಗೊತ್ತು. ಆದರೂ ಅಕ್ಷರ, ದೂರ ಎರಡನ್ನೂ ಅಳತೆಗೆ ತಂದ ನಾವು ಮೂರನೆಯದಾದ ಬೆಳಕನ್ನು ಅದರ ಪಾಡಿಗೆ ಬಿಟ್ಟಿದ್ದೇವೆ. ಬಿಸಿಲು ಇಷ್ಟು ಉಗ್ರವಾಗಿರುವ ಗಿಲ್ಲೆಸುಗೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಇದು ಸಣ್ಣ ಲೋಪವಲ್ಲ.

ಕಾರಣ ನಮ್ಮ ಪಾಪೆಯಲ್ಲಿದೆ. ಪ್ರಖರ ಬಿಸಿಲಿನಲ್ಲಿ ಅದು ಎರಡು ಮಿಲಿಮೀಟರಿನಷ್ಟಕ್ಕೆ ಕುಗ್ಗುತ್ತದೆ, ಮಬ್ಬಿನಲ್ಲಿ ಆರೇಳು ಮಿಲಿಮೀಟರಿನವರೆಗೆ ಅರಳುತ್ತದೆ. ಕಿರಿದಾದ ಕಿಂಡಿಯಿಂದ ಒಳಬಂದ ಬೆಳಕು ಹೆಚ್ಚು ಚದುರದ ಕಾರಣ ಚಿತ್ರ ತಾನಾಗಿಯೇ ಚೊಕ್ಕವಾಗುತ್ತದೆ. ಹಾಗಾಗಿ ಸಮೀಪದೃಷ್ಟಿಯ ಮಗುವೊಂದು ಶಾಲೆಯ ಅಂಗಳದ ಬಿಸಿಲಿನಲ್ಲಿ ಓದಿದ ಸಾಲನ್ನು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಓದಲಾರದು. ದೋಷ ಇದ್ದೂ ಅಂಗಳದ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಮಸೂರದ ನಡುಮಧ್ಯೆ ಪೊರೆ ಬಂದ ರೈತನ ಪಾಡು ಇದಕ್ಕೆ ತಿರುವುಮುರುವು. ನಡುಮಧ್ಯಾಹ್ನ ಪಾಪೆ ಕುಗ್ಗಿದಾಗ ಪೊರೆಯೇ ಕಿಂಡಿಗೆ ಅಡ್ಡ ಬರುತ್ತದೆ, ಸಂಜೆಗೆ ಅವನಿಗೆ ಎಷ್ಟೋ ವಾಸಿ. ಒಂದೇ ಬಿಸಿಲು ಒಬ್ಬರ ದೋಷವನ್ನು ಮುಚ್ಚಿಡುತ್ತದೆ, ಇನ್ನೊಬ್ಬರದನ್ನು ಹಿಗ್ಗಿಸುತ್ತದೆ.

ಬೆಳಕಿಗೆ ಕಡಿವಾಣ ಹಾಕಿದಾಗಲೆಲ್ಲ ನೇತ್ರವಿಜ್ಞಾನ ಮುಂದಡಿ ಇಟ್ಟಿದೆ. ಜೀವಂತ ಕಣ್ಣಿನ ಪಾಪೆ ಶತಮಾನಗಳ ಕಾಲ ಕಪ್ಪಾಗಿಯೇ ಕಂಡಿತು. ಏಕೆಂದರೆ ಒಳಹೋದ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ. ಆ ದಾರಿಯಲ್ಲಿ ಕಣ್ಣಿಡಲು ಹೋದರೆ ನೋಡುವವನ ತಲೆಯೇ ದೀಪಕ್ಕೆ ಅಡ್ಡ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಗಾಜಿನ ಹಾಳೆಗಳನ್ನು ಓರೆಯಾಗಿಟ್ಟು ದೀಪದ ಬೆಳಕನ್ನು ಕಣ್ಣೊಳಗೆ ಪ್ರತಿಫಲಿಸಿದರು, ಅದೇ ಗಾಜಿನ ಮೂಲಕ ತಾವೂ ನೋಡಿದರು. ಅಕ್ಷಿಪಟ ಕಂಡಿತು. ಬೆಂಗಳೂರಿನ ಫೋರಸ್ ಹೆಲ್ತ್ ರೂಪಿಸಿದ ‘ತ್ರಿನೇತ್ರ’ ಪಾಪೆ ಅರಳಿಸುವ ಹನಿಯಿಲ್ಲದೆಯೇ ಅಕ್ಷಿಪಟದ ಚಿತ್ರ ತೆಗೆಯಬಲ್ಲದು. ಅದೂ ಇದೇ ವಂಶದ ಉಪಕರಣ.

ಹಳ್ಳಿಯಲ್ಲಿ ಇಷ್ಟು ನಾಜೂಕು ಸಾಧ್ಯವೇ, ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಅಸಂಖ್ಯ ಜನರ ಪೊರೆ ತೆಗೆಯಲಿಲ್ಲವೇ ಎಂದು ಕೇಳಬಹುದು. ಆ ಸೇವೆಗೆ ತಲೆಬಾಗುತ್ತೇನೆ. ಆದರೆ ಯಾವ ಶಿಬಿರದಲ್ಲೂ ದೀಪ ಸರಿಮಾಡಿಕೊಳ್ಳದೆ ಕಣ್ಣಿಗೆ ಶಸ್ತ್ರ ತಾಗಿಸುವುದಿಲ್ಲ. ಆ ಎಚ್ಚರವನ್ನೇ ಪರೀಕ್ಷೆಗೂ ಕೇಳುತ್ತಿದ್ದೇನೆ. ಕಂಪ್ಯೂಟರ್ ಯಂತ್ರವಿರುವಾಗ ಚಾರ್ಟೇಕೆ ಎಂಬುದು ಇನ್ನೊಂದು ಆಕ್ಷೇಪ. ಆ ಯಂತ್ರ ಕಾಣದ ಅವಕೆಂಪು ಬೆಳಕಿನಿಂದ ಅಳೆಯುತ್ತದೆ, ನಿಜ. ಆದರೆ ಅದರೊಳಗೆ ಇಣುಕುವ ಮಗು ಹತ್ತಿರದ್ದನ್ನು ನೋಡುವಂತೆ ಕಣ್ಣು ಬಿಗಿದರೆ ಇಲ್ಲದ ಸಮೀಪದೃಷ್ಟಿ ತೋರುತ್ತದೆ, ದಟ್ಟ ಪೊರೆಯಿದ್ದರೆ ಅಳತೆಯೇ ಸಿಗುವುದಿಲ್ಲ.

ಹಾಗೆ ನೋಡಿದರೆ ಅತಿ ಅಗ್ಗದ ಸಾಧನವೇ ಇಲ್ಲಿ ಅತಿ ಜಾಣತನದ್ದು: ಒಂದು ಮಿಲಿಮೀಟರಿಗಿಂತ ತುಸು ದೊಡ್ಡ ತೂತಿರುವ ಕಪ್ಪು ತಟ್ಟೆ. ಅದರ ಮೂಲಕ ನೋಡಿದಾಗ ಅಕ್ಷರ ತಿಳಿಯಾದರೆ ಸಾಮಾನ್ಯವಾಗಿ ಕನ್ನಡಕ ಸಾಕು. ಆಗದಿದ್ದರೆ ಪೊರೆಯೋ ಅಕ್ಷಿಪಟವೋ ನರವೋ ಎಂದು ವೈದ್ಯರು ನೋಡಬೇಕು. ಪ್ರತಿ ಶಾಲೆಯೂ ಇಂಥದ್ದೊಂದು ತಟ್ಟೆ ಇಟ್ಟುಕೊಳ್ಳಲಿ. ಚಾರ್ಟನ್ನು ಅಂಗಳದಿಂದ ಒಳಗೆ ತಂದು, ಬೆಳಕು ಮಗುವಿನ ಕಣ್ಣಿಗೆ ಹೊಡೆಯದೆ ಚಾರ್ಟಿನ ಮೇಲೆ ಸಮವಾಗಿ ಬೀಳುವಂತೆ ನೇತುಹಾಕಲಿ. ಪ್ರತಿ ವರ್ಷ ಅದೇ ಗೋಡೆ, ಅದೇ ದೀಪ ಇದ್ದರೆ ಹೋದ ವರ್ಷದ ಅಂಕಿಯನ್ನು ಈ ವರ್ಷದ್ದರ ಜೊತೆ ಹೋಲಿಸಬಹುದು.